16 ಜಿಬಿ ರ‍್ಯಾಮ್ ಇದ್ರೂ ಹಳೇ ಫಾಕ್ಸ್‌ಪ್ರೋ 'ಮೆಮೊರಿ ಸಾಲದು' ಅಂತಿದೆ. ರ‍್ಯಾಮ್ ಕಿತ್ತರೆ ಸರಿಹೋಗುತ್ತಾ?

ಬೆಲ್ಲದಪಟ್ಟಿ (ಮಂಡ್ಯ)
ಎಲ್ಲರಿಗೂ ನಮಸ್ಕಾರ. ಎಪಿಎಂಸಿ ಯಾರ್ಡ್‌ನ ಒಂದು ಬೆಲ್ಲದ ಮಂಡಿ ಲೆಕ್ಕದ ವಿಷಯ. ಹಳೇ ಡಾಸ್ ವ್ಯವಸ್ಥೆಯ ಫಾಕ್ಸ್‌ಪ್ರೋ 2.6 ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಬರೆಸಿದ ಕಾರ್ಯಕ್ರಮ. ರೈತರ ಮುಂಗಡ, ತೂಕ, ಹಮಾಲಿ, ಪಟ್ಟಿ, ಬಾಕಿ ಎಲ್ಲ ಅದರಲ್ಲೇ ಇದೆ. ಎಕ್ಸ್‌ಪಿ ಇದ್ದ ಕಂಪ್ಯೂಟರ್‌ನ ಬೋರ್ಡ್ ಹೋಯ್ತು, ಡಿಸ್ಕ್ ಚೆನ್ನಾಗಿದೆ. ಹೊಸದು ವಿಂಡೋಸ್ 11, 16 ಜಿಬಿ ರ‍್ಯಾಮ್.

1. ಐಕಾನ್ ಒತ್ತಿದರೆ 'ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡಲ್ಲ' ಅಂತ ಇಂಗ್ಲಿಷ್‌ನಲ್ಲಿ ಬರುತ್ತೆ.
2. ಡಾಸ್‌ಬಾಕ್ಸ್ (ವಿಂಡೋಸ್ ಒಳಗೆ ಡಾಸ್ ಅನುಕರಿಸೋ ಸಾಧನ) ಹಾಕಿ ಹಳೇ ಬ್ಯಾಚ್ ಫೈಲ್ (ಸಾಲಾಗಿ ಆಜ್ಞೆಗಳಿರೋ ಫೈಲ್) ಓಡಿಸಿದರೆ ಒಂದ್ಸಲ 'ಇನ್‌ಸಫಿಶಿಯೆಂಟ್ ಮೆಮೊರಿ', ಇನ್ನೊಂದ್ಸಲ 'ಟೂ ಮೆನಿ ಫೈಲ್ಸ್ ಓಪನ್'. ಡಾಸ್‌ಬಾಕ್ಸ್ ಸೆಟ್ಟಿಂಗ್‌ನ ಮೆಮ್‌ಸೈಜ್ ಸಾಲಿನಲ್ಲಿ 16384 ಕೊಟ್ಟೆ, ಬದಲಾಗಲಿಲ್ಲ.
3. ಟಿವಿಎಸ್ ಡಾಟ್ ಮ್ಯಾಟ್ರಿಕ್ಸ್‌ಗೆ ಪಟ್ಟಿ ಹೋಗ್ತಿಲ್ಲ.

ರ‍್ಯಾಮ್ ಕಡ್ಡಿ ಕಿತ್ತು 4 ಜಿಬಿಗೆ ಇಳಿಸಿದರೆ ಓಡುತ್ತೆ ಅಂತ ಒಬ್ಬರು ಹೇಳ್ತಾರೆ. ನಿಜವಾ?

ಒಂಟಿಕೊಪ್ಪಲು
ಕೀಳಬೇಡಿ ಸಾರ್. ರ‍್ಯಾಮ್ ಕಿತ್ತರೆ ಮೊದಲನೇ ತೊಂದರೆ ಒಂದಿಂಚೂ ಕದಲಲ್ಲ.

ಫಾಕ್ಸ್‌ಪ್ರೋ ಡಾಸ್ ಕಾರ್ಯಕ್ರಮ. 32 ಬಿಟ್ ವಿಂಡೋಸ್‌ನಲ್ಲಿ ಅಂಥವನ್ನ ಓಡಿಸೋಕೆ ಎನ್‌ಟಿವಿಡಿಎಂ ಅಂತ ಒಂದು ಭಾಗ ಇತ್ತು. ಅದು ಪ್ರೊಸೆಸರ್‌ನ ವರ್ಚುಯಲ್ 8086 ಸ್ಥಿತಿ ಮೇಲೆ ನಿಂತಿತ್ತು. ಪ್ರೊಸೆಸರ್ 64 ಬಿಟ್ ಸ್ಥಿತಿಗೆ ಹೋದಮೇಲೆ ಆ ಸೌಲಭ್ಯ ಸಿಗಲ್ಲ, ಹಾಗಾಗಿ 64 ಬಿಟ್ ವಿಂಡೋಸ್‌ನಲ್ಲಿ ಎನ್‌ಟಿವಿಡಿಎಂ ಇಲ್ಲವೇ ಇಲ್ಲ. ವಿಂಡೋಸ್ 11 ಬರೋದೇ 64 ಬಿಟ್‌ನಲ್ಲಿ. 4 ಜಿಬಿ ಇರಲಿ, 64 ಜಿಬಿ ಇರಲಿ, ಬರೋ ಉತ್ತರ ಅದೇ.

ಎರಡನೇದು ಬೇರೆ ತೊಂದರೆ, ಮೂರನೇದು ಮತ್ತೊಂದು. ಮೂರನ್ನೂ ಒಂದೇ ಗಂಟಿಗೆ ಕಟ್ಟಿದರೆ ಯಾವುದೂ ಬಿಚ್ಚಲ್ಲ.

ಸಕ್ಕರೆನಾಡು
ಇಷ್ಟೆಲ್ಲಾ ಯಾಕಣ್ಣ, ಟ್ಯಾಲಿ ತಗೊಂಡು ಹೊಸದಾಗಿ ಶುರು ಮಾಡಿ.

ವಿಸಿನಾಲೆ
@ಸಕ್ಕರೆನಾಡು ಮುಂದೆ ಯಾವತ್ತೋ ಮಾಡ್ಲಿ. ಈ ವಾರ ರೈತ ಬಂದು ಬಾಕಿ ಎಷ್ಟು ಅಂದ್ರೆ ಟ್ಯಾಲಿ ಏನ್ ಹೇಳುತ್ತೆ? ಮುಂಗಡದ ಲೆಕ್ಕ ಹಳೇ ಡಿಬಿಎಫ್ (ಫಾಕ್ಸ್‌ಪ್ರೋದ ದತ್ತಾಂಶ ಫೈಲ್) ಒಳಗೆ ಕೂತಿದೆ. ಮೊದಲು ಅದು ತೆರೆಯಬೇಕು.

@ಬೆಲ್ಲದಪಟ್ಟಿ ಎಲ್ಲಕ್ಕಿಂತ ಮೊದಲು ಹಳೇ ಡಿಸ್ಕನ್ನ ಯುಎಸ್‌ಬಿ ಡಬ್ಬಿಗೆ ಹಾಕಿ ಇಡೀ ಫೋಲ್ಡರ್ ಎರಡು ಕಡೆ ನಕಲು ಮಾಡಿ. ಡಿಬಿಎಫ್ ಮಾತ್ರ ಅಲ್ಲ, ಅದೇ ಹೆಸರಿನ ಸಿಡಿಎಕ್ಸ್, ಐಡಿಎಕ್ಸ್ (ಇಂಡೆಕ್ಸ್), ಎಫ್‌ಪಿಟಿ (ಮೆಮೊ) ಎಲ್ಲ ಒಟ್ಟಿಗೆ ಬರಬೇಕು. ಎಫ್‌ಪಿಟಿ ಬಿಟ್ಟುಹೋದ್ರೆ ಮೆಮೊ ಕಾಲಂ ಇರೋ ಡಿಬಿಎಫ್ ತೆರೆಯೋದೇ ಇಲ್ಲ. ಪ್ರಯೋಗ ಎಲ್ಲ ನಕಲಿನ ಮೇಲೇ.

ಹಳೇಕೀಲಿಮಣೆ
16384ರ ವಿಷಯಕ್ಕೆ ಬರ್ತೀನಿ, ಗೊಂದಲ ಅಲ್ಲೇ ಇದೆ. ಡಾಸ್‌ಬಾಕ್ಸ್‌ನ ಮೆಮ್‌ಸೈಜ್ ಲೆಕ್ಕ ಎಂಬಿಯಲ್ಲಿ. ಮೂಲ ಡಾಸ್‌ಬಾಕ್ಸ್‌ಗೆ ಗರಿಷ್ಠ 63. ನೀವು ಎಷ್ಟೇ ಕೊಡಿ, ಅದು 63ಕ್ಕೆ ಇಳಿಸಿಕೊಳ್ಳುತ್ತೆ. ತಾನಾಗಿ ಇರೋದು 16, ಫಾಕ್ಸ್‌ಪ್ರೋಗೆ ಧಾರಾಳವಾಗಿ ಸಾಕು. ಮತ್ತೆ 16ಕ್ಕೇ ತನ್ನಿ.

ನಿಮಗೆ ಕೊರತೆ ಆಗಿರೋದು ಆ ಮೆಮೊರಿ ಅಲ್ಲ, ಮೊದಲ 640 ಕೆಬಿ. ಡಾಸ್ ಕಾರ್ಯಕ್ರಮ ಹುಟ್ಟೋದು ಅಲ್ಲಿ. 640 ಕೆಬಿ ಮೇಲೆ 1 ಎಂಬಿವರೆಗೆ ಪರದೆ, ಬಯಾಸ್ ಇವುಗಳ ಜಾಗ. ಅದರಾಚೆಯದ್ದು ಎಕ್ಸ್‌ಎಂಎಸ್ ಅಥವಾ ಇಎಂಎಸ್ ಅಂತ ಕೇಳಿ ಪಡೆಯಬೇಕು. ಕೆಳಗಿನ 640ರಲ್ಲಿ ಜಾಗ ಇಲ್ಲ ಅಂದ್ರೆ ಮೇಲೆ ಎಷ್ಟಿದ್ರೂ ಕಾರ್ಯಕ್ರಮ ಅಲ್ಲೀವರೆಗೆ ತಲುಪೋದೇ ಇಲ್ಲ.

ನಿಮ್ಮ ಬ್ಯಾಚ್ ಫೈಲನ್ನ ನೋಟ್‌ಪ್ಯಾಡ್‌ನಲ್ಲಿ ತೆಗೆದು ಸಾಲು ಸಾಲಾಗಿ ಇಲ್ಲಿ ಹೇಳಿ.

ಬೆಲ್ಲದಪಟ್ಟಿ
ಆರು ಸಾಲಿದೆ: ಸ್ಮಾರ್ಟ್‌ಡ್ರೈವ್, ಡಾಸ್‌ಕೀ, ಶೇರ್, ಮೌಸ್, ಆಮೇಲೆ ಸಿಡಿ ಮಂಡಿ (ಮಂಡಿ ಫೋಲ್ಡರ್‌ಗೆ ಹೋಗೋ ಆಜ್ಞೆ), ಕೊನೆಗೆ ಕಾರ್ಯಕ್ರಮದ ಹೆಸರು.

ಹಳೇಕೀಲಿಮಣೆ
ಮೊದಲ ನಾಲ್ಕೂ ತೆಗೀರಿ. ನಾಲ್ಕೂ ಮೆಮೊರಿಯಲ್ಲೇ ಬೀಡುಬಿಡೋ ಜಾತಿ. ಸ್ಮಾರ್ಟ್‌ಡ್ರೈವ್ ಡಿಸ್ಕ್ ವೇಗ ಹೆಚ್ಚಿಸೋಕೆ ಇದ್ದದ್ದು, ಈಗ ಆ ಕೆಲಸ ವಿಂಡೋಸ್ ಮಾಡುತ್ತೆ. ಮೌಸ್ ಡ್ರೈವರ್ ಡಾಸ್‌ಬಾಕ್ಸ್ ಒಳಗೇ ಇದೆ. ಡಾಸ್‌ಕೀ ಬೇಕಿಲ್ಲ. ಶೇರ್ ವಿಷಯ ಕೊನೆಗೆ ಹೇಳ್ತೀನಿ.

ಆಮೇಲೆ ಡಾಸ್‌ಬಾಕ್ಸ್ ಒಳಗೆ ಮೆಮ್ ಅಂತ ಹೊಡೀರಿ. ಕನ್ವೆನ್ಷನಲ್ ಮೆಮೊರಿ 600 ಕೆಬಿಗಿಂತ ಮೇಲೆ ಖಾಲಿ ತೋರಿಸಬೇಕು. ಕಡಿಮೆ ಇದ್ದರೆ ಇನ್ನೂ ಏನೋ ಕೂತಿದೆ ಅಂತ ಅರ್ಥ. ಪೂರ್ತಿ ಫಾಕ್ಸ್‌ಪ್ರೋ ಇದ್ದು ಕಮಾಂಡ್ ಕಿಟಕಿ ಬಂದ್ರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಸಿಸ್(12) ಕೇಳಿ. 640ರ ಒಳಗೆ ಎಷ್ಟು ಉಳಿದಿದೆ ಅಂತ ಅದೇ ಹೇಳುತ್ತೆ. ಸಿಸ್(1001) ಕೇಳಿದ್ರೆ ಫಾಕ್ಸ್‌ಪ್ರೋ ಕೈಗೆ ಒಟ್ಟು ಎಷ್ಟು ಸಿಕ್ಕಿದೆ ಅನ್ನೋದು ಬರುತ್ತೆ. ಎರಡೂ ನೋಡಿದ್ರೆ ಯಾವ ಕಡೆ ಬಿಗಿಯಾಗಿದೆ ಅಂತ ತಕ್ಷಣ ಗೊತ್ತಾಗುತ್ತೆ.

ಇನ್ನೂ ಹಟ ಮಾಡಿದ್ರೆ ಕಾರ್ಯಕ್ರಮದ ಫೋಲ್ಡರ್‌ನಲ್ಲಿರೋ ಕಾನ್ಫಿಗ್.ಎಫ್‌ಪಿ ಫೈಲ್‌ಗೆ ಇಎಂಎಸ್=ಆಫ್ ಅನ್ನೋ ಸಾಲು ಸೇರಿಸಿ ನೋಡಿ, ಇಂಗ್ಲಿಷ್ ಅಕ್ಷರದಲ್ಲೇ.

ಚಾಮುಂಡಿಪಾದ
ಎಂಎಸ್‌ಕಾನ್ಫಿಗ್‌ನಲ್ಲಿ ಬೂಟ್, ಅಡ್ವಾನ್ಸ್ಡ್, ಅಲ್ಲಿ ಮ್ಯಾಕ್ಸಿಮಮ್ ಮೆಮೊರಿ 2048 ಅಂತ ಕೊಟ್ಟರೆ ಕಡ್ಡಿ ಕೀಳದೇ ರ‍್ಯಾಮ್ ಕಡಿಮೆ ಆಗುತ್ತಲ್ಲ. ಅದನ್ನ ಯಾರೂ ಹೇಳಲಿಲ್ಲ.

ಒಂಟಿಕೊಪ್ಪಲು
ದಯವಿಟ್ಟು ಅದನ್ನ ಮಾಡಬೇಡಿ. ಅದು ಇಡೀ ವಿಂಡೋಸ್‌ಗೆ ಹಾಕೋ ಮಿತಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಬೇಕು, 2048ಕ್ಕೆ ಕಟ್ಟಿಹಾಕಿದ್ರೆ ಯಂತ್ರ ಏಳದೇ ಹೋಗಬಹುದು. ಈಗಾಗಲೇ ಯಾರಾದ್ರೂ ಮಾಡಿ ಸಿಕ್ಕಿಹಾಕಿಕೊಂಡಿದ್ರೆ: ಸ್ಥಾಪನೆಯ ಪೆನ್‌ಡ್ರೈವ್‌ನಿಂದ ಎಬ್ಬಿಸಿ, ರಿಪೇರ್‌ಗೆ ಹೋಗಿ, ಕಮಾಂಡ್ ಪ್ರಾಂಪ್ಟ್ ತೆಗೆದು, ಬಿಸಿಡಿಎಡಿಟ್ ಆಜ್ಞೆಯ ಡಿಲೀಟ್‌ವ್ಯಾಲ್ಯೂ ಆಯ್ಕೆಯಿಂದ ಡೀಫಾಲ್ಟ್ ನಮೂದಿನ ಟ್ರಂಕೇಟ್‌ಮೆಮೊರಿ ಅನ್ನೋದನ್ನ ಅಳಿಸಿ. ಮತ್ತೆ ಏಳುತ್ತೆ.

ಚಾಮುಂಡಿಪಾದ
ಸರಿ ಒಪ್ಪಿದೆ. ಆದ್ರೆ ರ‍್ಯಾಮ್ ಜಾಸ್ತಿ ಇದ್ರೆ ಕೆಲವು ಹಳೇ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗಲ್ಲ ಅನ್ನೋದಂತೂ ನಿಜ ತಾನೇ? '32 ಎಂಬಿ ಬೇಕು, ನಿಮ್ಮಲ್ಲಿ ಇಲ್ಲ' ಅಂತ ಬರುತ್ತೆ.

ವಿಸಿನಾಲೆ
ನಿಜ. ಅದು ವಿಂಡೋಸ್ 95, 98 ಕಾಲದ 32 ಬಿಟ್ ಕಾರ್ಯಕ್ರಮಗಳ ಕಾಯಿಲೆ. ಎಣಿಕೆ ತುಂಬಿ ಹರಿಯೋದು. 32 ಬಿಟ್‌ನಲ್ಲಿ ಹಿಡಿಸೋದು 4,29,49,67,296 ಸಂಖ್ಯೆಗಳು. 16 ಜಿಬಿ ಅಂದ್ರೆ 17,17,98,69,184 ಬೈಟ್, ಸರಿಯಾಗಿ ಅದರ ನಾಲ್ಕರಷ್ಟು. ಶೇಷ ಸೊನ್ನೆ. ಇನ್‌ಸ್ಟಾಲರ್ ಕಣ್ಣಿಗೆ ರ‍್ಯಾಮೇ ಇಲ್ಲ.

ಒಂಟಿಕೊಪ್ಪಲು
ಲೆಕ್ಕ ಸರಿ, ಆದರೆ ನಿಜವಾಗಿ ಆಗೋದು ಹಾಗಲ್ಲ. ಹಳೇ ಕಾರ್ಯಕ್ರಮಗಳು ಮೆಮೊರಿ ಕೇಳೋದು ಗ್ಲೋಬಲ್‌ಮೆಮೊರಿಸ್ಟೇಟಸ್ ಅನ್ನೋ ಕರೆಯಿಂದ. ದೊಡ್ಡ ವಿಳಾಸ ತಡ್ಕೋತೀನಿ ಅಂತ ಗುರುತು ಇಲ್ಲದ ಕಾರ್ಯಕ್ರಮಕ್ಕೆ ವಿಂಡೋಸ್ 2 ಜಿಬಿಗಿಂತ ಹೆಚ್ಚಿನ ಅಂಕಿ ಕೊಡಲ್ಲ. ಅಂದ್ರೆ 2,14,74,83,647ರ ಆಸುಪಾಸು. ಚಿಹ್ನೆ ಇರೋ 32 ಬಿಟ್ ಸಂಖ್ಯೆಯಲ್ಲಿ ಅದೇ ತುತ್ತತುದಿ. ಅದಕ್ಕೆ ಇನ್‌ಸ್ಟಾಲರ್ ಪೇಜ್‌ಫೈಲ್ (ಮೆಮೊರಿಗೆ ಪೂರಕವಾಗಿ ಡಿಸ್ಕ್‌ನಲ್ಲಿಡೋ ಜಾಗ) ಅಳತೆ ಕೂಡಿಸ್ತು ಅಂತಿಟ್ಕೊಳ್ಳಿ, ಒಂದು ಬೈಟ್ ಸೇರಿದ್ರೂ ಮೊತ್ತ ಮೈನಸ್ 2,14,74,83,648 ಆಗಿಬಿಡುತ್ತೆ. ಮೈನಸ್ ಸಂಖ್ಯೆ 32 ಎಂಬಿಗಿಂತ ಕಡಿಮೆ ಅಲ್ವಾ? ಹಾಗಾಗಿ 'ಸಾಲದು'.

ಡಿಸ್ಕ್ ಜಾಗಕ್ಕೂ ಇದೇ ಗತಿ. 500 ಜಿಬಿ ಖಾಲಿ ಇದ್ರೂ 'ಜಾಗ ಇಲ್ಲ' ಅನ್ನುತ್ತೆ.

ಮದ್ದು: ಮೈಕ್ರೋಸಾಫ್ಟ್‌ನ ಕಂಪ್ಯಾಟಿಬಿಲಿಟಿ ಅಡ್ಮಿನಿಸ್ಟ್ರೇಟರ್ ಹಾಕಿಕೊಳ್ಳಿ, 32 ಬಿಟ್‌ನದೇ. ಅದರಲ್ಲಿ ಹೊಸ ಫಿಕ್ಸ್ ಮಾಡಿ ನಿಮ್ಮ ಸೆಟಪ್ ಫೈಲ್ ತೋರಿಸಿ, ಪಟ್ಟಿಯಿಂದ ಗ್ಲೋಬಲ್‌ಮೆಮೊರಿಸ್ಟೇಟಸ್2ಜಿಬಿ ಮತ್ತು ಎಮ್ಯುಲೇಟ್‌ಗೆಟ್‌ಡಿಸ್ಕ್‌ಫ್ರೀಸ್ಪೇಸ್ ಎರಡನ್ನೂ ಆರಿಸಿ ಉಳಿಸಿ. ಆಮೇಲೆ ಆ ಡೇಟಾಬೇಸ್ ಮೇಲೆ ಬಲಗುಂಡಿ ಒತ್ತಿ ಇನ್‌ಸ್ಟಾಲ್ ಕೊಡಬೇಕು. ಈ ಕೊನೇ ಹೆಜ್ಜೆ ಮರೆತು 'ಕೆಲಸ ಮಾಡ್ಲಿಲ್ಲ' ಅನ್ನೋರೇ ಹೆಚ್ಚು.

ಡಿಸ್ಕ್ ಜಾಗದ ತಕರಾರಿಗೆ ಇನ್ನೂ ಸುಲಭದ್ದೊಂದಿದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 1.5 ಜಿಬಿಯ ವಿಎಚ್‌ಡಿ (ಫೈಲ್ ರೂಪದ ಕೃತಕ ಡಿಸ್ಕ್) ಮಾಡಿ, ಅಕ್ಷರ ಕೊಟ್ಟು, ಅದರೊಳಗೇ ಇನ್‌ಸ್ಟಾಲ್ ಮಾಡಿ.

ವಿಸಿನಾಲೆ
ಸರಿ, ತಿದ್ದಿದ್ದಕ್ಕೆ ವಂದನೆ. ಒಂದು ಸೇರಿಸ್ತೀನಿ: ವಿಂಡೋಸ್‌ನ ಫಾಕ್ಸ್‌ಪ್ರೋ 2.6 ಇದ್ದೋರು ಕಾನ್ಫಿಗ್ ಫೈಲ್‌ನಲ್ಲಿ ಮೆಮ್‌ಲಿಮಿಟ್=60,4096,8192 ಹಾಕಿ. ಮೊದಲನೇದು ಶೇಕಡಾ, ಉಳಿದೆರಡು ಕನಿಷ್ಠ ಮತ್ತು ಗರಿಷ್ಠ ಕೆಬಿ. ಇಲ್ಲದಿದ್ರೆ ಅದು ಸಿಕ್ಕಷ್ಟೂ ಮೆಮೊರಿ ತನಗೇ ಅಂತ ಬಾಚಿಕೊಳ್ಳೋಕೆ ಹೋಗುತ್ತೆ.

ಅಚ್ಚುಮೊಳೆ (ಮೈಸೂರು)
ಇದೇ ಮಾತಿನ ನಡುವೆ ಮುದ್ರಣದೋರ ಪ್ರಶ್ನೆ. ಲಗ್ನಪತ್ರಿಕೆ ಪ್ರೆಸ್ಸು. ವಿಂಡೋಸ್ 98 ಎರಡನೇ ಆವೃತ್ತಿ, ಪುಟವಿನ್ಯಾಸದ ಪೇಜ್‌ಮೇಕರ್ 6.5, ಹಳೇ ನುಡಿ ಫಾಂಟು. ಡಿಸ್ಕನ್ನ 1.5 ಜಿಬಿ ರ‍್ಯಾಮ್ ಇರೋ ಇನ್ನೊಂದು ಯಂತ್ರಕ್ಕೆ ಹಾಕಿದ್ರೆ 'ವಿಂಡೋಸ್ ಶುರುಮಾಡಲು ಮೆಮೊರಿ ಸಾಲದು' ಅಂತ ನಿಲ್ಲುತ್ತೆ. 256 ಎಂಬಿ ಇದ್ದಾಗ ಓಡ್ತಿದ್ದದ್ದು 1.5 ಜಿಬಿಯಲ್ಲಿ ಸಾಲದಂತೆ!

ಹಳೇಕೀಲಿಮಣೆ
ಇದು ನಿಜಕ್ಕೂ ರ‍್ಯಾಮ್ ಹೆಚ್ಚಾಗಿದ್ದಕ್ಕೇ ಬಂದ ತೊಂದರೆ. 98ರಲ್ಲಿ ವಿಕ್ಯಾಶ್ ಅಂತ ಡಿಸ್ಕ್ ಕ್ಯಾಶ್ ಇದೆ. ಇರೋ ರ‍್ಯಾಮ್ ನೋಡಿ ಅದಕ್ಕೆ ತಕ್ಕಂತೆ ವಿಳಾಸಗಳನ್ನ ಮೊದಲೇ ಕಾದಿರಿಸುತ್ತೆ. ಕಾದಿರಿಸೋ ಜಾಗ ಮಾತ್ರ ವ್ಯವಸ್ಥೆಗೆ ಮೀಸಲಾದ 1 ಜಿಬಿ ವಿಳಾಸದೊಳಗೇ. ಎಜಿಪಿ ಗ್ರಾಫಿಕ್ಸ್ ಕಾರ್ಡೂ ಅಲ್ಲೇ ಪಾಲು ಕೇಳುತ್ತೆ. 512 ಎಂಬಿ ದಾಟಿದ್ರೆ ಒಬ್ಬರ ಕಾಲಮೇಲೆ ಒಬ್ಬರು. ಡಾಸ್ ಕಿಟಕಿ ತೆಗೆದರೂ ಮೆಮೊರಿ ಇಲ್ಲ ಅನ್ನೋದು ಇದೇ ಕಾರಣಕ್ಕೆ.

ಡಾಸ್ ಬೂಟ್ ಫ್ಲಾಪಿ ಅಥವಾ ಸಿಡಿಯಿಂದ ಎಬ್ಬಿಸಿ, ವಿಂಡೋಸ್ ಫೋಲ್ಡರ್‌ನ ಸಿಸ್ಟಮ್.ಐಎನ್‌ಐ ಫೈಲನ್ನ ಎಡಿಟ್‌ನಲ್ಲಿ ತೆಗೀರಿ. ಮೊದಲು ಅದರ ನಕಲು ಇಟ್ಕೊಳ್ಳಿ. ವಿಕ್ಯಾಶ್ ಅನ್ನೋ ತಲೆಬರಹದ ಕೆಳಗೆ ಮ್ಯಾಕ್ಸ್‌ಫೈಲ್‌ಕ್ಯಾಶ್=262144. ಇದು ಕೆಬಿ ಲೆಕ್ಕ, 256 ಎಂಬಿ ಆಯ್ತು. 386ಎನ್ಹ್ ತಲೆಬರಹದ ಕೆಳಗೆ ಮ್ಯಾಕ್ಸ್‌ಫಿಜ್‌ಪೇಜ್=20000.

20000 ನೋಡಿ 20 ಸಾವಿರ ಅಂದ್ಕೊಂಡು ತಿದ್ದಬೇಡಿ. ಅದು ಹದಿನಾರರ ಲೆಕ್ಕದ ಸಂಖ್ಯೆ. ನಮ್ಮ ಲೆಕ್ಕಕ್ಕೆ 1,31,072 ಪುಟ, ಪುಟಕ್ಕೆ 4 ಕೆಬಿ, ಒಟ್ಟು 512 ಎಂಬಿ. ಅದರ ಮೇಲಿನ ರ‍್ಯಾಮ್ ಕಡೆ 98 ತಿರುಗಿ ನೋಡಲ್ಲ. ಆಗಲೂ ಮುನಿಸಿಕೊಂಡ್ರೆ 10000 ಕೊಡಿ, 256 ಎಂಬಿ.

ಕೆಆರ್‌ಎಸ್‌ನೋಟ
ಅಷ್ಟು ಕಷ್ಟ ಯಾಕೆ? 98ನ್ನ ವರ್ಚುವಲ್‌ಬಾಕ್ಸ್‌ನಲ್ಲಿ (ಯಂತ್ರದೊಳಗೆ ಇನ್ನೊಂದು ಯಂತ್ರ ಅನುಕರಿಸೋ ಸಾಧನ) ಹಾಕಿ 256 ಎಂಬಿ ಕೊಟ್ಟರೆ ಮುಗೀತು.

ಹಳೇಕೀಲಿಮಣೆ
ಮುಗಿಯಲ್ಲ. ಹೊಸ ರೈಜನ್‌ಗಳಲ್ಲಿ, ಇಂಟೆಲ್ 11ನೇ ಪೀಳಿಗೆಯಿಂದ ಈಚೆಗಿನವುಗಳಲ್ಲಿ, 98 ಮಧ್ಯದಲ್ಲೇ ಪ್ರೊಟೆಕ್ಷನ್ ಎರರ್ ಅಂತ ಬೀಳುತ್ತೆ. ಪುಟಗಳ ವಿಳಾಸ ಬದಲಾದಾಗ ಪ್ರೊಸೆಸರ್‌ನ ಟಿಎಲ್‌ಬಿಯನ್ನ (ವಿಳಾಸಗಳನ್ನ ನೆನಪಿಟ್ಟುಕೊಳ್ಳೋ ಪಟ್ಟಿ) ತೆರವು ಮಾಡೋದ್ರಲ್ಲಿ ವಿಂಡೋಸ್ 9ಎಕ್ಸ್ (95, 98) ಒಳಗೆ ಒಂದು ತಪ್ಪಿದೆ, ಹಳೇ ಪ್ರೊಸೆಸರ್‌ಗಳಲ್ಲಿ ಅದು ಹೊರಗೆ ಕಾಣ್ತಿರಲಿಲ್ಲ. ಪ್ಯಾಚರ್9ಎಕ್ಸ್ ಅಂತ ಉಚಿತ ಸಾಧನ ಇದೆ, ಅದರ ಫ್ಲಾಪಿ ಚಿತ್ರದಿಂದ ಎಬ್ಬಿಸಿ ತೇಪೆ ಹಾಕಿದ ಮೇಲೆ ನಿಲ್ಲುತ್ತೆ. ಒಂದೇ ಪ್ರೊಸೆಸರ್ ಕೊಡಿ, ರ‍್ಯಾಮ್ 256 ಸರಿ.

ಒಂಟಿಕೊಪ್ಪಲು
@ಅಚ್ಚುಮೊಳೆ ಪೇಜ್‌ಮೇಕರ್ 7 ಸಿಡಿ ಇದ್ದರೆ 98 ಬಿಟ್ಟು ನೇರ ವಿಂಡೋಸ್ 10ರಲ್ಲೇ ಪ್ರಯತ್ನಿಸಿ. 7 ಪೂರ್ತಿ 32 ಬಿಟ್ ಕಾರ್ಯಕ್ರಮ. ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಬೇಡಿ, ಸಿ ಡ್ರೈವ್‌ನಲ್ಲಿ ಪಿಎಂ7 ಅಂತ ಬೇರೆ ಫೋಲ್ಡರ್ ಮಾಡಿ. ಎಕ್ಸ್‌ಪಿ ಹೊಂದಾಣಿಕೆ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸೋದು, ಎರಡೂ ಟಿಕ್ ಇರಲಿ. ಪ್ರಿಂಟರ್‌ನ ವಿವರ ಇರೋ ಪಿಪಿಡಿ ಕಾಣ್ತಿಲ್ಲ ಅಂದ್ರೆ ಆ ಪಿಪಿಡಿ ಫೈಲನ್ನ ಆರ್‌ಎಸ್‌ಆರ್‌ಸಿ ಫೋಲ್ಡರ್ ಒಳಗಿನ ಯುಎಸ್‌ಇಂಗ್ಲಿಷ್, ಅದರೊಳಗಿನ ಪಿಪಿಡಿ4ಗೆ ನಕಲು ಮಾಡಿ.

ಅಚ್ಚುಮೊಳೆ
ಅದು ಪಕ್ಕದ ಯಂತ್ರದಲ್ಲಿದೆ ಸಾರ್. ಫೈಲ್ ತೆರೆಯುತ್ತೆ, ಆದರೆ ಕನ್ನಡ ಅಲ್ಲಲ್ಲಿ ಚೌಕ ಚೌಕ. ಒತ್ತಕ್ಷರವೇ ಮಾಯ. 'ಚಿ||ಸೌ||' ಇರೋ ಜಾಗದಲ್ಲಿ ಬರೀ ಡಬ್ಬಿ.

ವಿಸಿನಾಲೆ
ಅದು ಮೆಮೊರಿ ಅಲ್ಲ, ಕೋಡ್‌ಪೇಜ್, ಅಂದ್ರೆ ಯಾವ ಸಂಖ್ಯೆಗೆ ಯಾವ ಅಕ್ಷರ ಅನ್ನೋ ಪಟ್ಟಿ. ಹಳೇ ನುಡಿ ಫಾಂಟುಗಳು ಯೂನಿಕೋಡ್ ಅಲ್ಲ. ಲ್ಯಾಟಿನ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನ ಕೂರಿಸಿರೋದು. ಒತ್ತಕ್ಷರ ಹೆಚ್ಚಾಗಿ 128ರ ಮೇಲಿನ ಸ್ಥಾನಗಳಲ್ಲಿವೆ. ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್, ಅಡ್ಮಿನಿಸ್ಟ್ರೇಟಿವ್, ಸಿಸ್ಟಮ್ ಲೊಕೇಲ್ ಬದಲಿಸಿ ಅನ್ನೋ ಕಡೆ ಹೋಗಿ ನೋಡಿ, 'ಬೀಟಾ, ಯುಟಿಎಫ್-8 ಬಳಸು' ಅನ್ನೋದಕ್ಕೆ ಟಿಕ್ ಬಿದ್ದಿರುತ್ತೆ. ತೆಗೀರಿ. ಭಾಷೆ ಇಂಗ್ಲಿಷ್ ಇರಲಿ, ಅದರ ಕೋಡ್‌ಪೇಜ್ 1252. ಕನ್ನಡ ಆರಿಸಿದ್ರೆ ಸರಿಹೋಗುತ್ತೆ ಅಂದ್ಕೋಬೇಡಿ, ವಿಂಡೋಸ್‌ನಲ್ಲಿ ಕನ್ನಡಕ್ಕೆ ಹಳೇ ಕೋಡ್‌ಪೇಜೇ ಇಲ್ಲ, ಇರೋದು ಯೂನಿಕೋಡ್ ಮಾತ್ರ. ರೀಸ್ಟಾರ್ಟ್ ಮಾಡಿ.

ಅಚ್ಚುಮೊಳೆ
ಟಿಕ್ ಇತ್ತು! ತೆಗೆದ ಮೇಲೆ ಒತ್ತಕ್ಷರ ಎಲ್ಲ ವಾಪಸ್ ಬಂತು. ತುಂಬಾ ಉಪಕಾರ ಆಯ್ತು. ಇನ್ನು 98ರ ಯಂತ್ರದ ಆಸೆ ಬಿಟ್ಟೆ.

ಸಕ್ಕರೆನಾಡು
ಮಂಡಿಯೋರು ಹಳೇ ಇಂಟೆಲ್ ಜಿ31 ಮದರ್‌ಬೋರ್ಡ್ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹುಡುಕಿ ತಂದು ಎಕ್ಸ್‌ಪಿನೇ ಮತ್ತೆ ಓಡಿಸಬಹುದಲ್ವಾ?

ಕೆಆರ್‌ಎಸ್‌ನೋಟ
ಓಡಿಸಬಹುದು, ರ‍್ಯಾಮ್ ಮಾತ್ರ ನೋಡಿ ತಗೋಬೇಕು. ಜಿ31 ಒಟ್ಟು 4 ಜಿಬಿ ಡಿಡಿಆರ್2 ತಡೆಯುತ್ತೆ, ಅಂದ್ರೆ 2 ಜಿಬಿಯ ಎರಡು ಕಡ್ಡಿ. ಒಂದೇ ಕಡ್ಡಿಯಲ್ಲಿ 4 ಜಿಬಿ, ಅದೂ ಅಗ್ಗಕ್ಕೆ ಕೊಡ್ತಾರೆ ಅಂದ್ರೆ ಅದು ಎಎಂಡಿ ಬೋರ್ಡಿಗೆ ಮಾತ್ರ ಹೊಂದೋ ಹೈ ಡೆನ್ಸಿಟಿ ಮಾಲು. ಇಂಟೆಲ್ ಬೋರ್ಡ್ ಅದನ್ನ ಗುರುತಿಸಲ್ಲ, ಬೀಪ್ ಹೊಡೀತಾ ಕೂರುತ್ತೆ. ಡಿಡಿಆರ್3 ಇರೋ ಜಿ41ಗೆ 4 ಜಿಬಿ ಕಡ್ಡಿ ಬೇಕಿದ್ರೆ ಎರಡೂ ಬದಿ ಸೇರಿ 16 ಚಿಪ್ ಇರೋದನ್ನೇ ಎಣಿಸಿ ತಗೊಳ್ಳಿ. 8 ಚಿಪ್ಪಿನದು ನಡೆಯಲ್ಲ.

ಎಕ್ಸ್‌ಪಿಗೆ 8 ಏಪ್ರಿಲ್ 2014ರಿಂದ ಭದ್ರತಾ ತೇಪೆ ಇಲ್ಲ, ಇಂಟರ್ನೆಟ್ ವೈರ್ ಹಾಕಲೇಬೇಡಿ.

ಬೆಲ್ಲದಪಟ್ಟಿ
ಬ್ಯಾಚ್ ಫೈಲ್‌ನಿಂದ ನಾಲ್ಕು ಸಾಲು ತೆಗೆದೆ. ಮೆಮೊರಿ ದೂರು ಹೋಯ್ತು! ಕಾರ್ಯಕ್ರಮ ತೆರೀತು, ರೈತರ ಪಟ್ಟಿ ಕಾಣ್ತಿದೆ. 'ಟೂ ಮೆನಿ ಫೈಲ್ಸ್' ಮಾತ್ರ ತಿಂಗಳ ಲೆಕ್ಕ ತೆಗೆಯುವಾಗ ಬರುತ್ತೆ. ಪ್ರಿಂಟೂ ಇಲ್ಲ.

ಹಳೇಕೀಲಿಮಣೆ
ಒಳ್ಳೇದಾಯ್ತು. ಈಗ ಮೂಲ ಡಾಸ್‌ಬಾಕ್ಸ್ ಬಿಟ್ಟು ಡಾಸ್‌ಬಾಕ್ಸ್-ಎಕ್ಸ್‌ಗೆ ಬನ್ನಿ. ಮೂಲದ್ದು ಆಟಗಳಿಗೆ ಅಂತ ಮಾಡಿದ್ದು, ವ್ಯವಹಾರದ ಕಾರ್ಯಕ್ರಮಕ್ಕಲ್ಲ. ತಿಂಗಳ ಲೆಕ್ಕಕ್ಕೆ ಒಂದೇ ಸಲ ಹತ್ತಾರು ಡಿಬಿಎಫ್, ಅವುಗಳ ಇಂಡೆಕ್ಸ್ ಎಲ್ಲ ತೆರೆಯುತ್ತೆ. ಎಕ್ಸ್‌ಪಿಯಲ್ಲಿ ಕಾನ್ಫಿಗ್.ಎನ್‌ಟಿ ಒಳಗೆ ಫೈಲ್ಸ್=40 ಅಂತ ಇರ್ತಿತ್ತು, ಫಾಕ್ಸ್‌ಪ್ರೋಗಾಗಿ 99 ಮಾಡ್ತಿದ್ರು. ಡಾಸ್‌ಬಾಕ್ಸ್-ಎಕ್ಸ್‌ನ ಕಾನ್ಫಿಗ್ ಫೈಲ್‌ನಲ್ಲೂ ಫೈಲ್ಸ್ ಅನ್ನೋ ಸಾಲಿದೆ, ಕಡಿಮೆ ಇದ್ರೆ 127 ಮಾಡಿ.

ಶೇರ್ ಬಗ್ಗೆ: ಮಂಡಿಯಲ್ಲಿ ಎರಡು ಯಂತ್ರದಿಂದ ಒಂದೇ ಫೋಲ್ಡರ್ ತೆರೆಯೋದಿದ್ರೆ ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ಫೈಲ್ ಲಾಕಿಂಗ್ ಟ್ರೂ ಇರಲೇಬೇಕು. ಇಲ್ಲದಿದ್ರೆ ಇಬ್ಬರೂ ಒಂದೇ ರೈತನ ಖಾತೆ ಮೇಲೆ ಬರೆದು ಸಿಡಿಎಕ್ಸ್ ಕೆಡುತ್ತೆ. ಕೆಟ್ಟಿದ್ದು ಆವತ್ತು ಗೊತ್ತಾಗಲ್ಲ, ಹೆಸರು ಹುಡುಕಿದಾಗ 'ಇಲ್ಲ' ಅನ್ನುತ್ತೆ, ಡಿಬಿಎಫ್ ಒಳಗೆ ಮಾತ್ರ ಇರುತ್ತೆ.

ವಿಸಿನಾಲೆ
ವಿಡಾಸ್ ಕೂಡ ಇದೆ, ಅಕ್ಷರಪರದೆಯ ವ್ಯವಹಾರ ಕಾರ್ಯಕ್ರಮಗಳಿಗೇ ಅಂತ ಮಾಡಿದ್ದು. ಎರಡನ್ನೂ ನಕಲಿನ ಮೇಲೆ ಓಡಿಸಿ ನೋಡಿ, ಯಾವುದು ಒಗ್ಗುತ್ತೋ ಅದು.

ಇನ್ನೊಂದು, ಡಿಬಿಎಫ್‌ನ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದು ನೋಡಬಹುದು, ಆದರೆ ಅಲ್ಲಿಂದ ಸೇವ್ ಮಾಡಬೇಡಿ. ಕಾಲಂ ಅಗಲ ಬದಲಾಗುತ್ತೆ, ಇಂಡೆಕ್ಸ್‌ಗೂ ದತ್ತಾಂಶಕ್ಕೂ ತಾಳ ತಪ್ಪುತ್ತೆ.

ಒಂಟಿಕೊಪ್ಪಲು
ಪ್ರಿಂಟರ್ ಕತೆ. ನಿಮ್ಮದು ಯುಎಸ್‌ಬಿಯಾ, ದಪ್ಪ ಪ್ಯಾರಲಲ್ ವೈರಾ?

ಬೆಲ್ಲದಪಟ್ಟಿ
ಯುಎಸ್‌ಬಿನೂ ಇದೆ, ಅದರಲ್ಲೇ ಹಾಕಿದೀವಿ. ಅರ್ಧ ಹಾಳೆ ಪಟ್ಟಿ, 6 ಇಂಚಿಗೆ ಹರಿಯೋದು.

ಒಂಟಿಕೊಪ್ಪಲು
ಹಾಗಾದ್ರೆ ಹೀಗೆ ಮಾಡಿ.

ವಿಂಡೋಸ್‌ನಲ್ಲಿ ಪ್ರಿಂಟರನ್ನ 'ಜೆನೆರಿಕ್, ಟೆಕ್ಸ್ಟ್ ಓನ್ಲಿ' ಡ್ರೈವರ್‌ನಿಂದ ಸೇರಿಸಿ, ಟಿವಿಎಸ್ ಅನ್ನೋ ಚಿಕ್ಕ ಹೆಸರಲ್ಲಿ ಶೇರ್ ಮಾಡಿ. ಹೆಸರಿನ ಮಧ್ಯೆ ಜಾಗ ಬಿಡಬೇಡಿ. ಡಾಸ್‌ಬಾಕ್ಸ್-ಎಕ್ಸ್‌ನ ಪ್ಯಾರಲಲ್ ವಿಭಾಗದಲ್ಲಿ ಪ್ಯಾರಲಲ್1=ಫೈಲ್ ಕೊಟ್ಟರೆ ಕಾರ್ಯಕ್ರಮ ಎಲ್‌ಪಿಟಿ1ಗೆ (ಡಾಸ್‌ನ ಪ್ರಿಂಟರ್ ದ್ವಾರ) ಕಳಿಸೋ ಬೈಟೆಲ್ಲ ಹಾಗೇ ಒಂದು ಫೈಲ್‌ಗೆ ಬೀಳುತ್ತೆ. ಆ ಫೈಲನ್ನ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಿಂದ ಕಾಪಿ ಆಜ್ಞೆಯಲ್ಲಿ \\ಲೋಕಲ್‌ಹೋಸ್ಟ್\ಟಿವಿಎಸ್‌ಗೆ ಕಳಿಸಿ, ಕಾಪಿ ಪಕ್ಕದಲ್ಲಿ /ಬಿ ಇರಲೇಬೇಕು. /ಬಿ ಇಲ್ಲದಿದ್ರೆ ಸಂಖ್ಯೆ 26ರ ಬೈಟ್ ಎಲ್ಲಿ ಸಿಗುತ್ತೋ ಅಲ್ಲಿಗೆ ಫೈಲ್ ಮುಗೀತು ಅಂದ್ಕೊಂಡು ಅರ್ಧ ಪಟ್ಟಿಗೇ ನಿಲ್ಲಿಸುತ್ತೆ. ಇದು ಸರಿಬಂದ ಮೇಲೆ ಅದೇ ಸಾಲನ್ನ ಒಂದು ಬ್ಯಾಚ್ ಫೈಲ್‌ಗೆ ಹಾಕಿ ಡೆಸ್ಕ್‌ಟಾಪ್‌ನಲ್ಲಿ ಇಡಿ, ಗುಮಾಸ್ತರು ಎರಡು ಸಲ ಒತ್ತಿದ್ರೆ ಸಾಕು.

ಮಾಮೂಲಿ ವಿಂಡೋಸ್ ಪ್ರಿಂಟ್ ಕೊಟ್ಟರೆ ಅಕ್ಷರಗಳನ್ನ ಚಿತ್ರ ಮಾಡಿ ಕಳಿಸುತ್ತೆ. ಒಂದೊಂದು ಸಾಲಿಗೂ ಹೆಡ್ ಹೆಚ್ಚು ಸಲ ಓಡಾಡುತ್ತೆ, ರಿಬ್ಬನ್ ಬೇಗ ಸವೆಯುತ್ತೆ.

ಬೆಲ್ಲದಪಟ್ಟಿ
ಬಂತು! ಆದರೆ ಅಕ್ಷರ ದಪ್ಪ, ಬಲಗಡೆಯ ಬಾಕಿ ಕಾಲಂ ಕೆಳಗಿನ ಸಾಲಿಗೆ ಇಳೀತಿದೆ. ಎರಡನೇ ಪಟ್ಟಿ ಹರಿಯೋ ಗೆರೆ ಮೇಲೆ ಶುರುವಾಗ್ತಿದೆ.

ಹಳೇಕೀಲಿಮಣೆ
ಎರಡೂ ಪ್ರಿಂಟರ್‌ನ ಸಂಕೇತ ತಲುಪದೇ ಆಗೋದು. ಎಪ್ಸನ್ ಮಾದರಿ ಸಂಕೇತದಲ್ಲಿ 15 ಅಂದ್ರೆ ಸಣ್ಣಕ್ಷರ, 18 ಅಂದ್ರೆ ವಾಪಸ್ ಮಾಮೂಲಿ. ಸಣ್ಣಕ್ಷರದಲ್ಲಿ ಇಂಚಿಗೆ 17 ಅಕ್ಷರ ಕೂರುತ್ತೆ, ಅಂದ್ರೆ 8 ಇಂಚಿನಲ್ಲಿ 132 ಕಾಲಂ ಹಿಡಿಸುತ್ತೆ. ಮಾಮೂಲಿಯಲ್ಲಿ 80ಕ್ಕೇ ತುಂಬಿ ಬಾಕಿ ಕೆಳಗಿಳಿಯುತ್ತೆ. ಹಾಳೆ ಉದ್ದಕ್ಕೆ 27, 67, ಆಮೇಲೆ ಸಾಲಿನ ಸಂಖ್ಯೆ. 6 ಇಂಚು, ಇಂಚಿಗೆ 6 ಸಾಲು, 36.

ಹಳೇ ಕಾರ್ಯಕ್ರಮ ಇದನ್ನ ಕಳಿಸ್ತಿಲ್ಲ ಅಂದ್ರೆ ಮೊದಲು ಪ್ರಿಂಟರ್‌ನಲ್ಲೇ ಹೊಂದಿಸಿಟ್ಟಿದ್ರು ಅಂತ ಕಾಣುತ್ತೆ. ನಾಲ್ಕೇ ಬೈಟ್‌ನ ಒಂದು ಫೈಲ್ ಮಾಡಿ: 15, 27, 67, 36. ನೋಟ್‌ಪ್ಯಾಡ್‌ನಲ್ಲಿ ಆಗಲ್ಲ, ಯಾವುದಾದ್ರೂ ಹೆಕ್ಸ್ ಎಡಿಟರ್‌ನಲ್ಲಿ 0ಎಫ್ 1ಬಿ 43 24 ಅಂತ ಹೊಡೆದು ಉಳಿಸಿ. ಬ್ಯಾಚ್ ಫೈಲ್‌ನಲ್ಲಿ ಪಟ್ಟಿಗಿಂತ ಮುಂಚೆ ಇದನ್ನ ಕಾಪಿ ಮಾಡೋ ಸಾಲು ಇರಲಿ. ಹಾಳೆಯ ಹರಿಯೋ ಗೆರೆಯನ್ನ ಹೆಡ್‌ಗೆ ಸರಿಯಾಗಿ ಕೂರಿಸಿದ ಮೇಲೇ ಪ್ರಿಂಟರ್ ಆನ್ ಮಾಡಿ, ಆನ್ ಆದಾಗ ಹಾಳೆ ಎಲ್ಲಿದೆಯೋ ಅದನ್ನೇ ಪುಟದ ಮೇಲ್ತುದಿ ಅಂತ ಹಿಡಿಯುತ್ತೆ.

ಬೆಲ್ಲದಪಟ್ಟಿ
ಬಾಕಿ ಕಾಲಂ ಒಂದೇ ಸಾಲಿನಲ್ಲಿ ಬಂತು. ಮೂರು ಪಟ್ಟಿ ಒಂದರ ಹಿಂದೆ ಒಂದು ತೆಗೆದೆ, ಮೂರೂ ಗೆರೆಗೆ ಸರಿಯಾಗಿ ಹರಿದವು. ತಿಂಗಳ ಲೆಕ್ಕವೂ 127 ಕೊಟ್ಟಮೇಲೆ ಪೂರ್ತಿ ಓಡ್ತು. ಎಲ್ಲರಿಗೂ ಕೈಮುಗಿದೆ. 16 ಜಿಬಿ ಹಾಗೇ ಇದೆ, ಕಡ್ಡಿ ಮುಟ್ಟಿಲ್ಲ.

ವಿಸಿನಾಲೆ
ಸಂತೋಷ ಅಣ್ಣ. ಇವತ್ತು ರಾತ್ರಿ ಕಾರ್ಯಕ್ರಮ ಮುಚ್ಚಿದ ಮೇಲೆ ಮಂಡಿ ಫೋಲ್ಡರನ್ನ ತಾರೀಖಿನ ಹೆಸರಲ್ಲಿ ಪೆನ್‌ಡ್ರೈವ್‌ಗೆ ಹಾಕಿ. ತೆರೆದಿರುವಾಗ ನಕಲು ಮಾಡಿದ್ರೆ ಡಿಬಿಎಫ್‌ನ ತಲೆಯಲ್ಲಿರೋ ದಾಖಲೆ ಸಂಖ್ಯೆ ಹಿಂದೆ ಉಳಿದು, ಕೊನೇ ಕೆಲವು ಪಟ್ಟಿ ನಕಲಿನಲ್ಲಿ ಕಾಣದೇ ಹೋಗಬಹುದು.